ತಿದ್ದುವ ಪ್ರೀತಿ: ಧರ್ಮಸಭೆಯ ಚರಿತ್ರೆಯಲ್ಲಿ ಸೋದರ ಬುದ್ಧಿವಾದ

ಒಂದು ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಮೊದಲು ಕೈಗೆ ಸಿಗುವುದು ಎಣಿಕೆಗೆ ಬರುವ ಸಂಗತಿಗಳು. ಅಸ್ತಿಭಾರದ ಕಲ್ಲನ್ನಿಟ್ಟ ದಿನ, ಗಂಟೆಯನ್ನು ಆಶೀರ್ವದಿಸಿದ ವರ್ಷ, ಸೇವೆ ಸಲ್ಲಿಸಿದ ವಿಚಾರಣಾ ಗುರುಗಳ ಪಟ್ಟಿ, ದೀಕ್ಷಾಸ್ನಾನದ ಪುಸ್ತಕದಲ್ಲಿ ಬರೆಯಲ್ಪಟ್ಟ ಹೆಸರುಗಳು. ಇವೆಲ್ಲವೂ ಸ್ಮರಣೀಯವೇ ಸರಿ. ಆದರೆ ಕಲ್ಲುಗಾರೆಯ ದೇವಾಲಯವನ್ನು ಜೀವಂತ ಸಮುದಾಯವನ್ನಾಗಿ ಮಾಡಿದ ಕೆಲಸವೊಂದು ಯಾವ ಪುಸ್ತಕದಲ್ಲಿಯೂ ನಮೂದಾಗಿರುವುದಿಲ್ಲ. ಕುಡಿತಕ್ಕೆ ಬಿದ್ದ ನೆರೆಯವನನ್ನು ಸಂಜೆಯ ಹೊತ್ತು ಒಬ್ಬನನ್ನೇ ಕರೆದು ಬುದ್ಧಿ ಹೇಳಿದ ಉಪದೇಶಿ, ಹೊಲದ ಬದುವಿನ ಜಗಳದಿಂದ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕೂಡಿಸಿ ಕೂರಿಸಿದ ಹಿರಿಯರು, ತನ್ನ ಜ್ಞಾನಪುತ್ರಿಯ ತಪ್ಪನ್ನು ಊರಿಗೆ ತಿಳಿಸದೆ ಅವಳಿಗೆ ಮಾತ್ರ ತಿಳಿಸಿದ ಜ್ಞಾನತಾಯಿ, ಇಂಥವರಿಂದಲೇ ಪ್ರತಿಯೊಂದು ಧರ್ಮಕೇಂದ್ರವೂ ನಿಂತಿದೆ. ಅವರ ಆ ಕಾರ್ಯಕ್ಕೆ ಧರ್ಮಸಭೆಯಲ್ಲಿ ಒಂದು ಹೆಸರಿದೆ, ಒಂದು ಸುದೀರ್ಘ ಚರಿತ್ರೆಯೂ ಇದೆ. ಪಾಪಿಗೆ ಎಚ್ಚರಿಕೆ ಹೇಳುವುದು ಆತ್ಮಸಂಬಂಧವಾದ ಏಳು ಕರುಣಾಕಾರ್ಯಗಳಲ್ಲಿ ಒಂದೆಂದು ನಾವೆಲ್ಲರೂ ಜ್ಞಾನೋಪದೇಶದಲ್ಲಿ ಕಲಿತಿದ್ದೇವೆ. ಆ ಕರುಣಾಕಾರ್ಯದ ಚರಿತ್ರೆಯನ್ನು ಈ ಸಂಭ್ರಮದ ಸಂದರ್ಭದಲ್ಲಿ ಸಂಕ್ಷೇಪವಾಗಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ಚರಿತ್ರೆಯುದ್ದಕ್ಕೂ ಒಂದು ಸತ್ಯ ಎದ್ದುಕಾಣುತ್ತದೆ. ಎಲ್ಲಿ ತಿದ್ದುವವನು ತಪ್ಪುಮಾಡಿದವನ ಬಳಿಗೆ ತಾನೇ ನಡೆದುಹೋದನೋ ಅಲ್ಲಿ ಸೋದರನು ದೊರಕಿದನು. ಎಲ್ಲಿ ಮಾತು ಅವನನ್ನು ಬಿಟ್ಟು ಊರೆಲ್ಲ ಸುತ್ತಿತೋ ಅಲ್ಲಿ ತಪ್ಪೂ ಉಳಿಯಿತು, ಸೋದರನೂ ಕಳೆದುಹೋದನು.

ಶುಭಸಂದೇಶದ ಅಡಿಪಾಯ

ಈ ವಿಷಯದಲ್ಲಿ ಪ್ರಭು ಯೇಸುವಿನ ಆಜ್ಞೆ ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ತಪ್ಪುಮಾಡಿದ ಸೋದರನ ಬಳಿಗೆ ಮೊದಲು ಒಬ್ಬನೇ ಹೋಗಿ, ಇಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸಬೇಕು. ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಅದಕ್ಕೂ ಮಣಿಯದಿದ್ದರೆ ಮಾತ್ರ ಸಭೆಗೆ ತಿಳಿಸಬೇಕು. ಸಭೆಯ ಮಾತನ್ನೂ ಕೇಳದವನನ್ನು ಪರಕೀಯನಂತೆ, ಸುಂಕದವನಂತೆ ಎಣಿಸಬೇಕು. ಈ ಮೂರು ಮೆಟ್ಟಿಲುಗಳಲ್ಲಿ ನಾವು ಸಾಮಾನ್ಯವಾಗಿ ಮೂರನೆಯದರಿಂದಲೇ ಆರಂಭಿಸುತ್ತೇವೆ. ಮೊದಲನೆಯದಕ್ಕೆ ಬರುವುದೇ ಇಲ್ಲ. ಪ್ರಭುವಾದರೋ ಮೊದಲನೆಯ ಮೆಟ್ಟಿಲಿಗೆ ಫಲವನ್ನು ಹೇಳಿದ್ದಾರೆ: ಅವನು ಕಿವಿಗೊಟ್ಟರೆ ನಿನಗೆ ಸೋದರನೊಬ್ಬನು ದೊರೆತಂತಾಯಿತು. ಗೆಲುವು ನನ್ನ ವಾದಕ್ಕಲ್ಲ, ದೊರಕಬೇಕಾದದ್ದು ಸೋದರ.

ಈ ಮಾತು ಅಧ್ಯಾಯದಲ್ಲಿ ಎಲ್ಲಿ ಬಂದಿದೆಯೆಂಬುದನ್ನೂ ಗಮನಿಸಬೇಕು. ಇದರ ಹಿಂದಿನ ಸಾಲುಗಳಲ್ಲಿ, ನೂರು ಕುರಿಗಳಲ್ಲಿ ತಪ್ಪಿಸಿಕೊಂಡ ಒಂದನ್ನು ಹುಡುಕಿಹೋದ ಕುರುಬನ ಸಾಮತಿಯಿದೆ. ಇದರ ಮುಂದೆ, ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಕೇಳಿದ ಪ್ರಶ್ನೆಯೂ, ಲೆಕ್ಕವಿಡಲಾಗದಷ್ಟು ಸಲ ಕ್ಷಮಿಸಬೇಕೆಂಬ ಉತ್ತರವೂ ಇದೆ. ಹುಡುಕುವ ಕರುಣೆ ಒಂದು ಕಡೆ, ಕ್ಷಮಿಸುವ ಕರುಣೆ ಇನ್ನೊಂದು ಕಡೆ; ನಡುವೆ ತಿದ್ದುವ ಮಾತು. ಈ ಎರಡು ದಡಗಳನ್ನು ಮೀರಿ ಹರಿಯುವ ಬುದ್ಧಿವಾದ ಕ್ರೈಸ್ತ ಬುದ್ಧಿವಾದವಲ್ಲ. ಕೊನೆಗೆ ಸುಂಕದವನಂತೆ ಎಣಿಸಬೇಕೆಂಬ ಮಾತನ್ನು ಬರೆದಿಟ್ಟ ಮತ್ತಾಯನೇ ಒಂದು ಕಾಲಕ್ಕೆ ಸುಂಕದ ಕಟ್ಟೆಯಲ್ಲಿ ಕುಳಿತವನು. ಪ್ರಭು ಸುಂಕದವರನ್ನು ಹೇಗೆ ಎಣಿಸಿದರು? ಅವರ ಮನೆಗೆ ಹೋಗಿ ಅವರೊಡನೆ ಊಟಕ್ಕೆ ಕುಳಿತರು. ಆದುದರಿಂದ ದೂರವಾದವನಿಗೂ ಬಾಗಿಲು ಮುಚ್ಚಿಲ್ಲ.

ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ನಾತಾನನು ಅರಸ ದಾವೀದನ ಮುಂದೆ ನಿಂತು, ಒಂದೇ ಕುರಿಮರಿಯಿದ್ದ ಬಡವನ ಕಥೆಯನ್ನು ಹೇಳಿದುದು ನಮಗೆ ಗೊತ್ತಿದೆ. ಅವನು ಅರಸನನ್ನು ನೇರವಾಗಿ ದೂಷಿಸಲಿಲ್ಲ. ಅರಸನ ಮನಸ್ಸಿನಲ್ಲಿ ಇನ್ನೂ ಉಳಿದಿದ್ದ ನ್ಯಾಯಬುದ್ಧಿಯನ್ನು ಮೊದಲು ಎಚ್ಚರಿಸಿ, ತೀರ್ಪನ್ನು ಅವನ ಬಾಯಿಂದಲೇ ಹೊರಡಿಸಿದನು. ತಿದ್ದುವವನು ಎದುರಿಗಿರುವವನಲ್ಲಿ ಉಳಿದಿರುವ ಒಳ್ಳೆಯತನವನ್ನು ನಂಬಿ ಮಾತನಾಡಬೇಕೆಂಬ ಪಾಠ ಇಲ್ಲಿದೆ.

ಪತ್ರ ಮುಟ್ಟಿದ ಅರಸ, ಪತ್ರ ಮುಟ್ಟದ ಪಂಡಿತ

ಆದಿ ಶತಮಾನಗಳ ಧರ್ಮಸಭೆಯಿಂದ ಎರಡು ಪತ್ರಗಳ ಕಥೆಯನ್ನು ಇಲ್ಲಿ ಹೇಳುವುದು ಉಚಿತ.

ಕ್ರಿ.ಶ. 390ರಲ್ಲಿ ಥೆಸಲೋನಿಕ ನಗರದಲ್ಲಿ ನಡೆದ ದಂಗೆಯೊಂದರಲ್ಲಿ ಸೇನಾಧಿಕಾರಿಯೊಬ್ಬನು ಹತನಾದನು. ಅದಕ್ಕೆ ಪ್ರತೀಕಾರವಾಗಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸನ ಸೈನಿಕರು ಅಲ್ಲಿಯ ಜನರನ್ನು ಸಾಮೂಹಿಕವಾಗಿ ಕೊಂದರು. ಚಕ್ರವರ್ತಿ ಕ್ರೈಸ್ತನಾಗಿದ್ದನು. ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ಅವನಿಗೆ ಒಂದು ಪತ್ರ ಬರೆದರು. ಅದನ್ನು ಲಿಪಿಕಾರರಿಂದ ಬರೆಯಿಸದೆ, ಚಕ್ರವರ್ತಿಯೊಬ್ಬನೇ ಓದಬೇಕೆಂದು ತಮ್ಮ ಕೈಯಿಂದಲೇ ಬರೆದರು. ದಾವೀದನ ಪಶ್ಚಾತ್ತಾಪವನ್ನು ನೆನಪಿಸಿ, ಪ್ರಾಯಶ್ಚಿತ್ತವಿಲ್ಲದೆ ತಾವು ಅವನೆದುರು ಬಲಿಪೂಜೆಯನ್ನು ಅರ್ಪಿಸಲಾರೆವೆಂದು ವಿನಯದಿಂದಲೂ ದೃಢವಾಗಿಯೂ ತಿಳಿಸಿದರು. ಚಕ್ರವರ್ತಿ ರಾಜಚಿಹ್ನೆಗಳನ್ನು ತೆಗೆದಿಟ್ಟು ಸಭೆಯ ನಡುವೆ ಪ್ರಾಯಶ್ಚಿತ್ತ ಮಾಡಿದನು. ಅದೇ ವರ್ಷದ ಕ್ರಿಸ್ತಜಯಂತಿಗೆ ಮತ್ತೆ ಪ್ರಸಾದಕ್ಕೆ ಸೇರಿಸಲ್ಪಟ್ಟನು. ಅಂಬ್ರೋಸರು ಅವನನ್ನು ದೇವಾಲಯದ ಬಾಗಿಲಲ್ಲಿ ತಡೆದು ನಿಲ್ಲಿಸಿದರೆಂಬ ಚಿತ್ರವು ಮುಂದಿನವರ ಕಲ್ಪನೆಯಲ್ಲಿ ಬೆಳೆದುದು. ನಿಜವಾಗಿ ನಡೆದುದು ಅದಕ್ಕಿಂತ ಸೌಮ್ಯವಾದುದು, ಅಷ್ಟೇ ಪ್ರಬಲವಾದುದು: ಒಬ್ಬ ಗುರುವಿನ ಕೈಬರಹದ ಗುಟ್ಟಿನ ಪತ್ರ.

ಎರಡನೆಯ ಕಥೆ ಇಬ್ಬರು ಮಹಾಪಂಡಿತರದು. ಅಂತಿಯೋಕಿಯದಲ್ಲಿ ಸಂತ ಪೌಲನು ಸಂತ ಪೇತ್ರನನ್ನು ಎದುರಿಗೇ ಗದರಿಸಿದನೆಂದು ಗಲಾತ್ಯರಿಗೆ ಬರೆದ ಪತ್ರದಲ್ಲಿದೆ. ಬೆತ್ಲೆಹೇಮಿನಲ್ಲಿ ನೆಲೆಸಿದ್ದ ಸಂತ ಜೆರೋಮರು, ಅದು ನಿಜವಾದ ಗದರಿಕೆಯಲ್ಲ, ಜನರ ಹಿತಕ್ಕಾಗಿ ಇಬ್ಬರೂ ಹಾಗೆ ನಟಿಸಿದರೆಂದು ವ್ಯಾಖ್ಯಾನ ಬರೆದಿದ್ದರು. ಆಫ್ರಿಕದ ಹಿಪ್ಪೋ ನಗರದಲ್ಲಿದ್ದ ಸಂತ ಅಗಸ್ಟೀನರಿಗೆ ಇದು ಸರಿಕಾಣಲಿಲ್ಲ. ಪವಿತ್ರಗ್ರಂಥದಲ್ಲಿ ನಟನೆಯಿದೆಯೆಂದರೆ ಅದರ ಸತ್ಯಕ್ಕೇ ಕುಂದೆಂದು ಅವರು ಜೆರೋಮರಿಗೆ ಪತ್ರ ಬರೆದರು. ಆದರೆ ಆ ಪತ್ರ ಸಕಾಲದಲ್ಲಿ ಬೆತ್ಲೆಹೇಮಿಗೆ ಮುಟ್ಟಲೇ ಇಲ್ಲ. ಇಟಲಿಯಲ್ಲಿ ಅದರ ಪ್ರತಿಗಳು ಕೈಯಿಂದ ಕೈಗೆ ಹರಿದಾಡಿದವು. ತಮ್ಮನ್ನು ತಿದ್ದಲು ಬರೆದ ಪತ್ರವನ್ನು ಊರೆಲ್ಲ ಓದಿದ ಮೇಲೆ ಜೆರೋಮರು ಬೇರೆಯವರ ಮೂಲಕ ಅದನ್ನು ಕಂಡರು. ವಯಸ್ಸಾದ ಆ ಪಂಡಿತರಿಗೆ ಎಷ್ಟು ನೋವಾಗಿರಬೇಕೆಂಬುದನ್ನು ಊಹಿಸಬಹುದು. ಕಿರಿಯನೊಬ್ಬನು ಹಿರಿಯನನ್ನು ಕೆಣಕಿ ಹೆಸರು ಪಡೆಯಲು ನೋಡುತ್ತಿರುವನೆಂದು ಅವರು ಭಾವಿಸಿದರು.

ಅಗಸ್ಟೀನರು ಇದನ್ನು ತಿಳಿದು ವಾದವನ್ನು ಬದಿಗಿಟ್ಟು ಮೊದಲು ಕ್ಷಮೆ ಕೇಳಿದರು. ತಾವು ತಪ್ಪಿದ್ದರೆ ಜೆರೋಮರೇ ತಮ್ಮನ್ನು ತಿದ್ದಬೇಕೆಂದು ಬೇಡಿಕೊಂಡರು. ವರ್ಷಗಳು ಕಳೆದಂತೆ ಆ ಗಾಯ ಮಾಯಿತು. ಮುಂದೆ ಪೆಲಾಜಿಯಸನ ತಪ್ಪುಬೋಧನೆಯನ್ನು ಎದುರಿಸುವಾಗ ಇಬ್ಬರೂ ಒಂದೇ ಪಕ್ಷದ ಗೆಳೆಯರಾಗಿ ನಿಂತರು. ವಿಚಾರದಲ್ಲಿ ಅಗಸ್ಟೀನರದೇ ಸರಿಯೆಂದು ಧರ್ಮಸಭೆಯ ಸಂಪ್ರದಾಯ ಒಪ್ಪಿದೆ. ಆದರೂ ಮಾತು ಸರಿಯಾಗಿದ್ದಷ್ಟರಿಂದಲೇ ಸಾಲದು, ಅದು ಮುಟ್ಟಬೇಕಾದವನಿಗೆ ಮೊದಲು ಮುಟ್ಟಬೇಕೆಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ. ಅಂದು ಪತ್ರವು ಹಡಗಿನಲ್ಲಿ ದಾರಿ ತಪ್ಪಿತು; ಇಂದು ಕೈಯಲ್ಲಿರುವ ಮೊಬೈಲಿನಿಂದ ಒಬ್ಬರ ತಪ್ಪು ಒಂದು ಗಳಿಗೆಯಲ್ಲಿ ಇಡೀ ಧರ್ಮಕೇಂದ್ರಕ್ಕೆ ಮುಟ್ಟುತ್ತದೆ, ತಪ್ಪುಮಾಡಿದವನೊಬ್ಬನಿಗೆ ಬಿಟ್ಟು.

ಸನ್ಯಾಸಿಗಳ ಮಠಗಳಲ್ಲಿ ಈ ವಿವೇಕವು ನಿಯಮದ ರೂಪ ತಾಳಿತು. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ, ತಪ್ಪಿದ ಸೋದರನಿಗೆ ಹಿರಿಯರು ಮೊದಲು ಎರಡು ಸಲ ಗುಟ್ಟಾಗಿ ಬುದ್ಧಿ ಹೇಳಬೇಕೆಂದು ವಿಧಿಸಿದರು. ಶಿಕ್ಷೆ ಅನಿವಾರ್ಯವಾದಾಗಲೂ, ಮಠಾಧಿಪತಿಯು ಅನುಭವಿಗಳಾದ ಹಿರಿಯ ಸನ್ಯಾಸಿಗಳನ್ನು ಸದ್ದಿಲ್ಲದೆ ಅವನ ಬಳಿಗೆ ಕಳುಹಿಸಿ ಸಾಂತ್ವನ ಹೇಳಿಸಬೇಕು, ಅವನು ದುಃಖದಲ್ಲಿ ಮುಳುಗಿಹೋಗಬಾರದು ಎಂದರು. ಶಿಕ್ಷಿಸಿದವನೇ ಕಣ್ಣೀರೊರೆಸುವ ಏರ್ಪಾಡನ್ನೂ ಮಾಡಬೇಕೆಂಬ ಈ ವಿಧಿಯು ಎಷ್ಟು ತಾಯಿಗರುಳಿನದು! ಮುಂದೆ 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಸೋದರ ಬುದ್ಧಿವಾದವನ್ನು ಪ್ರೀತಿಯೆಂಬ ಸದ್ಗುಣದ ಕ್ರಿಯೆಯೆಂದೇ ವರ್ಗೀಕರಿಸಿದರು. ಸೋದರನ ಹಸಿವನ್ನು ನೀಗಿಸುವುದು ಪ್ರೀತಿಯಾದರೆ, ಅವನ ಆತ್ಮದ ಕೇಡನ್ನು ನೀಗಿಸುವುದು ಅದಕ್ಕಿಂತ ಹೆಚ್ಚಿನ ಪ್ರೀತಿಯಲ್ಲವೇ ಎಂಬುದು ಅವರ ತರ್ಕ. ಅಧಿಕಾರದಲ್ಲಿರುವವರನ್ನೂ ಅಧೀನರು ತಿದ್ದಬಹುದು, ಆದರೆ ಗೌರವದಿಂದ ತಿದ್ದಬೇಕು ಎಂಬುದನ್ನೂ ಅವರು ಸ್ಪಷ್ಟಪಡಿಸಿದರು.

ಗೋವೆಯಿಂದ ಬಂದ ದೀಪ

ಈ ಪರಂಪರೆ ನಮ್ಮ ಕೃಷ್ಣಾ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗೆ ತಲುಪಿದ ದಾರಿ ಗೋವೆಯದು. ನಮ್ಮ ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಮುದಾಯವು ದಖ್ಖಣದ ಅತಿ ಪ್ರಾಚೀನ ಕ್ರೈಸ್ತ ಸಮುದಾಯಗಳಲ್ಲಿ ಒಂದು. ಅಲ್ಲಿಯ ಪೂರ್ವಿಕರು ಸಂತ ಫ್ರಾನ್ಸಿಸ್ ಕ್ಸೇವಿಯರರ ಸಂಗಡಿಗರಿಂದ ವಿಶ್ವಾಸವನ್ನು ಪಡೆದರೆಂದೂ, ಅಲ್ಲಿಯ ದೇವಾಲಯವು 1557ಕ್ಕೆ ಮೊದಲೇ ಕಟ್ಟಲ್ಪಟ್ಟಿತೆಂದೂ, ಬಿಜಾಪುರದ ಅರಸರಿಂದ ಅದಕ್ಕೆ ದತ್ತಿ ದೊರೆತಿತ್ತೆಂದೂ ಹಳೆಯ ಗೆಜೆಟಿಯರು ಹೇಳುತ್ತದೆ. ರಾಯಚೂರು, ಮಾನ್ವಿ, ದೇವದುರ್ಗ, ದೇವಸುಗೂರುಗಳ ವಿಶ್ವಾಸಿಗಳು ಇಂದು ಬಳ್ಳಾರಿ ಧರ್ಮಕ್ಷೇತ್ರದ ಮಕ್ಕಳು. ಮುದಗಲ್ಲಿನ ಆ ಹಳೆಯ ದೀಪ ನಮ್ಮೆಲ್ಲರ ನೆರೆಮನೆಯದು. ಆದುದರಿಂದ ಸಂತ ಕ್ಸೇವಿಯರರು ತಮ್ಮ ಸಂಗಡಿಗರನ್ನು ಹೇಗೆ ತಿದ್ದಿದರೆಂಬುದು ನಮಗೆ ದೂರದ ಸಂಗತಿಯಲ್ಲ.

ಅವರು ಸೇರಿದ್ದ ಯೇಸುಸಭೆಯಲ್ಲಿ, ಸೇರಲು ಬಂದವನನ್ನು ಮೊದಲೇ ಒಂದು ಮಾತು ಕೇಳುವ ಕ್ರಮವನ್ನು ಸಂತ ಇಗ್ನಾಸಿಯವರು ಇಟ್ಟರು: ಪ್ರೀತಿಯಿಂದ ಇತರರನ್ನು ತಿದ್ದಲೂ, ಇತರರಿಂದ ತಿದ್ದಿಸಿಕೊಳ್ಳಲೂ ನೀನು ಸಿದ್ಧನೋ? ಎರಡೂ ಒಂದೇ ಪ್ರಶ್ನೆಯಲ್ಲಿದ್ದವು. ತಿದ್ದಿಸಿಕೊಳ್ಳಲಾರದವನಿಗೆ ತಿದ್ದುವ ಹಕ್ಕಿಲ್ಲ.

1542ರಲ್ಲಿ ಗೋವೆಗೆ ಬಂದ ಕ್ಸೇವಿಯರರು 1549ರಲ್ಲಿ ತಮ್ಮ ಸಂಗಡಿಗ ಗಾಸ್ಪರ್ ಬಾರ್ಜೆಯಸರನ್ನು ಪರ್ಷಿಯದ ಕೊಲ್ಲಿಯ ಹೊರ್ಮುಜಿಗೆ ಕಳುಹಿಸುವಾಗ ವಿವರವಾದ ಸೂಚನೆಗಳನ್ನು ಬರೆದುಕೊಟ್ಟರು. ಅಧಿಕಾರಸ್ಥರ ತಪ್ಪನ್ನು ಎಂದಿಗೂ ಪ್ರಸಂಗಪೀಠದಿಂದ ಎತ್ತಿ ಆಡಬಾರದು. ಹಾಗೆ ಮಾಡಿದರೆ ಅವರು ತಿದ್ದಿಕೊಳ್ಳುವ ಬದಲು ಇನ್ನೂ ಕಠಿಣರಾಗುತ್ತಾರೆ. ಅವರ ಮನೆಯಲ್ಲಿಯೋ ಪಾಪನಿವೇದನೆಯಲ್ಲಿಯೋ ಏಕಾಂತವಾಗಿ ಹೇಳಬೇಕು. ಅದಕ್ಕೂ ಮೊದಲು ಸ್ನೇಹ ಬೆಳೆಸಬೇಕು. ಸ್ನೇಹ ಎಷ್ಟಿದೆಯೋ ಅಷ್ಟೇ ಬುದ್ಧಿವಾದ. ಹೇಳುವಾಗ ಮುಖದಲ್ಲಿ ನಗೆಯಿರಬೇಕು, ಮಾತಿನಲ್ಲಿ ಮೃದುತ್ವವಿರಬೇಕು. ಇವು ಆ ಸೂಚನೆಗಳ ಸಾರಾಂಶ. ಸಾವಿರಾರು ಜನರಿಗೆ ದೀಕ್ಷಾಸ್ನಾನ ಕೊಟ್ಟ ಆ ಮಹಾಪ್ರೇಷಿತರು ಒಬ್ಬನ ಮನೆಯ ಬಾಗಿಲನ್ನು ತಟ್ಟುವ ಬಗೆಯನ್ನೂ ಇಷ್ಟು ಜಾಗರೂಕತೆಯಿಂದ ಯೋಚಿಸಿದ್ದರು.

ಮೃದುತ್ವವೆಂದರೆ ಸಡಿಲತೆಯಲ್ಲ. ಗೋವೆಯ ಸಂತ ಪೌಲರ ಕಾಲೇಜಿನ ಮುಖ್ಯಸ್ಥರಾಗಿದ್ದ ಅಂತೋನಿಯೊ ಗೋಮೆಸರು ಆ ಸಂಸ್ಥೆ ಯಾರಿಗಾಗಿ ಇತ್ತೋ ಆ ಸ್ಥಳೀಯ ವಿದ್ಯಾರ್ಥಿಗಳನ್ನೇ ಹೊರಗೆ ಹಾಕಿ ಪೋರ್ಚುಗೀಸರನ್ನು ಸೇರಿಸಿಕೊಂಡಿದ್ದರು. ಪೂರ್ವದೇಶಗಳಿಂದ ಹಿಂತಿರುಗಿದ ಕ್ಸೇವಿಯರರು 1552ರಲ್ಲಿ ಅವರನ್ನು ಸಭೆಯಿಂದಲೇ ಬಿಡುಗಡೆ ಮಾಡಿದರು. ಬಲಹೀನರಿಗೆ ಅನ್ಯಾಯವಾದಾಗ ಸುಮ್ಮನಿರುವುದು ಪ್ರೀತಿಯಲ್ಲವೆಂದು ಅವರು ಬಲ್ಲರು.

ಅದೇ 1552ರ ಏಪ್ರಿಲಿನಲ್ಲಿ ಅವರು ಮೈಲಾಪುರದಲ್ಲಿದ್ದ ಹಿರಿಯ ಗುರು ಅಲ್ಫೊನ್ಸೊ ಸಿಪ್ರಿಯಾನೊ ಅವರಿಗೆ ಒಂದು ಪತ್ರವನ್ನು ಬರೆದರು. ಸಿಪ್ರಿಯಾನೊ ಸಾತ್ವಿಕರು, ಶ್ರಮಜೀವಿಗಳು, ಆದರೆ ಮುಂಗೋಪಿ. ಅಲ್ಲಿಯ ವಿಚಾರಣಾ ಗುರುಗಳೊಡನೆ ಜಗಳವಾಡಿ ಸಮುದಾಯದ ಮನಸ್ಸನ್ನು ಕಲಕಿದ್ದರು. ಕ್ಸೇವಿಯರರು ಅವರನ್ನು ಕಟುವಾಗಿಯೇ ಎಚ್ಚರಿಸಿದರು. ನನ್ನ ಸ್ವಭಾವವೇ ಹೀಗೆ ಎಂಬ ನೆಪವನ್ನು ಒಪ್ಪಲಿಲ್ಲ. ವಿಚಾರಣಾ ಗುರುಗಳ ಮುಂದೆ ಮೊಣಕಾಲೂರಿ ಕ್ಷಮೆ ಕೇಳಿ ಕೈಯನ್ನು ಮುತ್ತಿಡಬೇಕೆಂದು ಆಜ್ಞಾಪಿಸಿದರು. ಆದರೆ ಪತ್ರ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ಭಾಗದಲ್ಲಿ ಕ್ಸೇವಿಯರರ ಹೃದಯವೇ ತೆರೆದುಕೊಳ್ಳುತ್ತದೆ. ಎಷ್ಟು ಪ್ರೀತಿಯಿಂದ ಈ ಮಾತುಗಳನ್ನು ಬರೆದಿರುವೆನೆಂಬುದು ನಿಮಗೆ ಗೊತ್ತಾದರೆ ನೀವು ಹಗಲಿರುಳು ನನ್ನನ್ನು ನೆನೆಯುವಿರಿ, ಪ್ರಾಯಶಃ ಅಳುವಿರಿ ಎಂಬ ಭಾವ ಅಲ್ಲಿದೆ. ಅದೇ ವರ್ಷದ ಡಿಸೆಂಬರ್ 3ರಂದು ಕ್ಸೇವಿಯರರು ಚೀನಾ ದೇಶದ ಹೊಸ್ತಿಲಲ್ಲಿ ಪ್ರಾಣಬಿಟ್ಟರು. ಸಾವಿಗೆ ಎಂಟು ತಿಂಗಳಿರುವಾಗ, ಮುಂದಿನ ಮಹಾಪ್ರಯಾಣದ ಸಿದ್ಧತೆಯ ನಡುವೆ, ಒಬ್ಬ ಮುಂಗೋಪಿ ಗುರುವಿಗಾಗಿ ಅವರು ಸಮಯವಿಟ್ಟುಕೊಂಡರು.

ಸತ್ಯವನ್ನು ಮರೆಮಾಚಬಾರದು. ಅದೇ ಗೋವೆಯಲ್ಲಿ ವಿಚಾರಣಾ ನ್ಯಾಯಾಲಯ, ಅಂದರೆ ಇನ್‌ಕ್ವಿಜಿಷನ್, ಬೇಕೆಂದು ಪೋರ್ಚುಗಲ್ಲಿನ ಅರಸನಿಗೆ 1546ರಲ್ಲಿ ಬರೆದವರಲ್ಲಿ ಕ್ಸೇವಿಯರರೂ ಒಬ್ಬರು. ಅವರ ಮರಣಾನಂತರ, 1560ರಲ್ಲಿ ಅದು ಸ್ಥಾಪಿತವಾಗಿ 1812ರಲ್ಲಿ ರದ್ದಾಯಿತು. ಪ್ರೀತಿಯನ್ನು ಬಿಟ್ಟು ಭಯದಿಂದ ತಿದ್ದಹೊರಟಾಗ ಏನಾಗುತ್ತದೆಂಬುದಕ್ಕೆ ಅದು ನಿದರ್ಶನ: ಜನರು ತಿದ್ದಿಕೊಳ್ಳಲಿಲ್ಲ, ಹೆದರಿದರು, ಅಡಗಿದರು, ಊರು ಬಿಟ್ಟರು. ಜಗದ್ಗುರು ಎರಡನೆಯ ಜಾನ್ ಪೌಲರು 2000ದ ಮಾರ್ಚ್ 12ರಂದು, ಸತ್ಯದ ಸೇವೆಯೆಂಬ ಹೆಸರಿನಲ್ಲಿ ಕ್ರೈಸ್ತರು ಬಲಾತ್ಕಾರಕ್ಕೆ ಎಡೆಗೊಟ್ಟುದಕ್ಕಾಗಿ ಇಡೀ ಧರ್ಮಸಭೆಯ ಪರವಾಗಿ ದೇವರಲ್ಲಿ ಕ್ಷಮೆ ಬೇಡಿದರು. ತಿದ್ದುವ ಧರ್ಮಸಭೆಯೂ ತಿದ್ದಿಕೊಳ್ಳಬೇಕಾದುದೇ.

ಮಾನ್ವಿಯ ನೆರೆಹೊರೆಯ ಪಾಠ

ನಮ್ಮ ನೆರೆಹೊರೆಯಲ್ಲಿಯೂ ಇದೇ ಬೆಳಕಿನ ಕಿರಣಗಳಿವೆ. ಇತರ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಮಾನ್ವಿ, ದೇವದುರ್ಗಗಳ ಸೀಮೆ ಹರಿದಾಸರ ನಾಡು. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಇಲ್ಲಿಯವರೇ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರಾಗಿದ್ದರು. ಕನ್ನಡದಲ್ಲಿ ಹಾಡುವ ದಾಸರನ್ನು ಅವರು ಕೀಳಾಗಿ ಕಂಡರೆಂದೂ, ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ಆಮೇಲೆ ಆ ನೋವು ನಿಜವಾಗಿಯೇ ಬಂದಿತೆಂದೂ ನಮ್ಮ ಜನ ಇಂದಿಗೂ ಹೇಳುತ್ತಾರೆ. ನೊಂದು ಬಂದವರನ್ನು ವಿಜಯದಾಸರು ಹಂಗಿಸಲಿಲ್ಲ, ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಕೊಟ್ಟು, ತಮ್ಮ ಆಯುಸ್ಸಿನಲ್ಲಿಯೇ ಪಾಲನ್ನು ಧಾರೆಯೆರೆದು ಬದುಕಿಸಿದರೆಂಬುದು ಪ್ರತೀತಿ. ಅಹಂಕಾರವಳಿದ ಆ ವಿದ್ವಾಂಸರು ಕನ್ನಡದಲ್ಲಿಯೇ ಹಾಡಿ ಹೆಸರಾದರು.

ಈ ಪ್ರತೀತಿಯ ತಿರುಳನ್ನು ನಮ್ಮ ವಿಶ್ವಾಸದ ಕಣ್ಣಿನಿಂದ ನೋಡಿದರೂ ಅರ್ಥ ಕಡಿಮೆಯಾಗುವುದಿಲ್ಲ. ತಪ್ಪು ನಡೆದುದು ಊಟದ ಕರೆಯಲ್ಲಿ, ಅದು ನಿವಾರಣೆಯಾದುದು ರೊಟ್ಟಿಯ ತುಣುಕಿನಲ್ಲಿ. ತಿದ್ದಿದವನು ತನ್ನದನ್ನು ಕಳೆದುಕೊಂಡು ತಿದ್ದಿದನು. ನಮ್ಮನ್ನು ತಿದ್ದಲು ಪ್ರಭು ಯೇಸು ತಮ್ಮ ಪ್ರಾಣವನ್ನೇ ಕೊಟ್ಟರೆಂದು ನಾವು ವಿಶ್ವಾಸಿಸುತ್ತೇವೆ. ಹೀಗಿರುವಾಗ ನಾವು ಪರರನ್ನು ತಿದ್ದುವಾಗ ನಮ್ಮಿಂದ ಏನನ್ನೂ ಕಳೆದುಕೊಳ್ಳದೆ, ಒಂದು ಹೊತ್ತಿನ ಸಮಯವನ್ನಾಗಲಿ, ಸ್ವಲ್ಪ ಅಭಿಮಾನವನ್ನಾಗಲಿ ಬಿಡದೆ ಹೇಗೆ ತಿದ್ದಿಯೇವು?

ಪಂಕ್ತಿಭೇದ ಮತ್ತು ಸಮುದಾಯದ ತಿದ್ದುವಿಕೆ

ಊಟದ ಮಾತು ನಮ್ಮನ್ನು ಮತ್ತೆ ಅಂತಿಯೋಕಿಯಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಪೌಲನು ಪೇತ್ರನನ್ನು ಎಲ್ಲರೆದುರಿಗೇ ತಿದ್ದಿದ್ದೇಕೆ? ಪೇತ್ರನು ಅನ್ಯಜನಾಂಗದಿಂದ ಬಂದ ಕ್ರೈಸ್ತರೊಡನೆ ಕುಳಿತು ಊಟಮಾಡುತ್ತಿದ್ದವನು, ಯೆಹೂದ್ಯ ಹಿನ್ನೆಲೆಯ ಕೆಲವರು ಬಂದೊಡನೆ ಹೆದರಿ ಆ ಪಂಕ್ತಿಯಿಂದ ಹಿಂದೆ ಸರಿದನು. ಅಂದರೆ ಆದಿ ಧರ್ಮಸಭೆಯ ಅತಿ ಪ್ರಸಿದ್ಧವಾದ ತಿದ್ದುವಿಕೆ ನಡೆದುದು ಪಂಕ್ತಿಭೇದದ ಕಾರಣದಿಂದ. ತಪ್ಪು ಎಲ್ಲರೆದುರಿಗೆ ನಡೆದಿತ್ತು, ಚಿಕ್ಕವರೆನಿಸಿಕೊಂಡವರಿಗೆ ಅವಮಾನವಾಗಿತ್ತು. ಆದುದರಿಂದ ತಿದ್ದುವಿಕೆಯೂ ಎಲ್ಲರೆದುರಿಗೇ ನಡೆಯಿತು. ಪೇತ್ರನು ಪೌಲನನ್ನು ದ್ವೇಷಿಸಲಿಲ್ಲ. ಅವನ ಹೆಸರಿನ ಎರಡನೆಯ ಪತ್ರದಲ್ಲಿ ಪೌಲನನ್ನು ಪ್ರಿಯ ಸೋದರನೆಂದೇ ಸ್ಮರಿಸಲಾಗಿದೆ.

ನಮ್ಮ ನಾಡಿನ ಧರ್ಮಸಭೆಗೂ ಇಂಥ ತಿದ್ದುವಿಕೆ ಬೇಕಾಯಿತು. ದಕ್ಷಿಣ ಭಾರತದ ಹಲವು ಕಡೆಗಳಲ್ಲಿ ಕ್ರೈಸ್ತರ ನಡುವೆಯೇ ಬೇರೆ ಬೇರೆ ಆಸನಗಳು, ಬೇರೆ ಬೇರೆ ಸಮಾಧಿಭೂಮಿಗಳು ಇದ್ದುದು ಚರಿತ್ರೆಯ ಸತ್ಯ. 1982ರಲ್ಲಿ ತಿರುಚಿರಾಪಳ್ಳಿಯಲ್ಲಿ ಸೇರಿದ ಭಾರತದ ಧರ್ಮಾಧ್ಯಕ್ಷರು ಜಾತಿಭೇದಕ್ಕೆ ಕ್ರೈಸ್ತಧರ್ಮದಲ್ಲಿ ಸ್ಥಳವಿಲ್ಲವೆಂದು ಸಾರಿದರು. 2003ರ ನವೆಂಬರಿನಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ತಮಿಳುನಾಡಿನ ಧರ್ಮಾಧ್ಯಕ್ಷರಿಗೆ, ಜಾತಿಯ ಆಧಾರದ ಒಡಕುಗಳು ವಿಶ್ವಾಸಕ್ಕೆ ವಿರುದ್ಧವಾದವುಗಳೆಂದು ಎಚ್ಚರಿಸಿದರು. 2016ರ ಡಿಸೆಂಬರಿನಲ್ಲಿ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಅಸ್ಪೃಶ್ಯತೆ ಧರ್ಮಸಭೆಯ ಒಳಗೂ ಇದೆಯೆಂದು ಒಪ್ಪಿಕೊಂಡಿತು. ಈ ಮೂರು ಘಟ್ಟಗಳ ಹಿಂದೆ ಎಷ್ಟೋ ದಲಿತ ಕ್ರೈಸ್ತರ ನೋವಿನ ದನಿ ಇದೆ. 1950ರ ರಾಷ್ಟ್ರಪತಿ ಆದೇಶದಿಂದ ಪರಿಶಿಷ್ಟ ಜಾತಿಯ ಸೌಲಭ್ಯಗಳು ದೊರೆಯದೆ ಹೊರಗಿರುವ ಈ ಸೋದರರು ಸರಕಾರದಿಂದ ನ್ಯಾಯ ಕೇಳುವಾಗ, ದೇವರ ಮನೆಯಲ್ಲಿ ಅವರಿಗೆ ನ್ಯಾಯ ಸಿಕ್ಕಿದೆಯೇ ಎಂದು ನಾವು ಕೇಳಿಕೊಳ್ಳಬೇಡವೇ? ಇಲ್ಲಿ ಚಿಕ್ಕವರು ದೊಡ್ಡವರನ್ನು ತಿದ್ದಿದರು, ಮತ್ತು ಧರ್ಮಸಭೆಯನ್ನು ಬಿಟ್ಟುಹೋಗದೆ ಒಳಗೆ ನಿಂತು ತಿದ್ದಿದರು. ಇದಕ್ಕಿಂತ ದೊಡ್ಡ ಪ್ರೀತಿ ಬೇರೆ ಯಾವುದು?

ಒಂದು ಎಚ್ಚರಿಕೆ

1983ರ ಧರ್ಮಸಭೆಯ ಕಾನೂನು ಸಂಹಿತೆಯ 1341ನೆಯ ನಿಯಮವು, ಶಿಕ್ಷೆಯ ಮಾರ್ಗವನ್ನು ಹಿಡಿಯುವ ಮೊದಲು ಸೋದರ ಬುದ್ಧಿವಾದದಿಂದ ಕಾರ್ಯ ಸಾಧಿಸುವುದೇ ಎಂದು ನೋಡಬೇಕೆಂದು ಹೇಳಿತು. ಅದು ಪ್ರಾಚೀನ ವಿವೇಕದ ಮುಂದುವರಿಕೆ. ಆದರೆ ಈ ವಿವೇಕವನ್ನು ಅಪರಾಧಕ್ಕೆ ಮುಸುಕಾಗಿ ಬಳಸಬಾರದೆಂಬುದನ್ನು ನಮ್ಮ ಕಾಲದ ಕಹಿ ಅನುಭವ ಕಲಿಸಿದೆ. ಈ ಕಾರಣದಿಂದಲೇ 2021ರ ಪರಿಷ್ಕರಣೆಯು ಇಂಥ ಕ್ರಮಗಳು ಸಾಲದೆ ಹೋದಾಗ ಶಿಕ್ಷಾಕ್ರಮವನ್ನು ಆರಂಭಿಸುವುದು ಅಧಿಕಾರಿಯ ಕರ್ತವ್ಯವೆಂದು ಖಚಿತಪಡಿಸಿತು. ಮಕ್ಕಳ ಮೇಲೆ, ಬಲಹೀನರ ಮೇಲೆ ದೌರ್ಜನ್ಯ ನಡೆದಾಗ ಅದು ಇಬ್ಬರ ನಡುವೆ ಮಾತಿನಿಂದ ಮುಗಿಸುವ ವಿಷಯವಲ್ಲ. ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಅಂಥ ಸಂಗತಿಯನ್ನು ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸುವುದು ಗುರುಗಳ ಮತ್ತು ಸನ್ಯಾಸಿಗಳ ಕರ್ತವ್ಯವೆಂದು ವಿಧಿಸಿದರು. ನಮ್ಮ ದೇಶದ 2012ರ ಪೋಕ್ಸೊ ಕಾಯಿದೆಯೂ ಪೊಲೀಸರಿಗೆ ವರದಿ ಮಾಡುವುದನ್ನು ಎಲ್ಲರಿಗೂ ಕಡ್ಡಾಯ ಮಾಡಿದೆ. ಚಿಕ್ಕವರಿಗೆ ಅಡ್ಡಿಯಾದವನ ಕುರಿತು ಬೀಸುವ ಕಲ್ಲಿನ ಮಾತನ್ನು ಪ್ರಭು ಹೇಳಿದ್ದೂ ಮತ್ತಾಯನ ಅದೇ 18ನೆಯ ಅಧ್ಯಾಯದಲ್ಲಿ ಎಂಬುದು ನೆನಪಿರಲಿ. ಸೋದರನ ಮಾನವನ್ನು ಕಾಪಾಡುವ ಗುಟ್ಟು ಬೇರೆ. ಮಗುವಿನ ಗಾಯವನ್ನು ಮುಚ್ಚುವ ಗುಟ್ಟು ಬೇರೆ.

ನಮ್ಮ ಧರ್ಮಕೇಂದ್ರಕ್ಕೆ ಈ ಚರಿತ್ರೆ ಹೇಳುವುದೇನು?

ನಮ್ಮ ಸೀಮೆಯ ರೈತನಿಗೆ ಈ ವಿಷಯವನ್ನು ಬೇರೆ ಯಾರೂ ಕಲಿಸಬೇಕಿಲ್ಲ. ಎರೆಹೊಲದಲ್ಲಿ ಜೋಳ ಮೊಳಕಾಲೆತ್ತರ ಬಂದಾಗ ಅವನು ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಾನೆ. ಹೊಡೆಯದೆ ಬಿಟ್ಟರೆ ಕಳೆ ಪೈರನ್ನು ನುಂಗುತ್ತದೆ. ಅವಸರದಿಂದ ಅಡ್ಡಾದಿಡ್ಡಿ ಹೊಡೆದರೆ ಕುಂಟೆಯ ಕುಡವೇ ಪೈರಿನ ಬೇರನ್ನು ಕತ್ತರಿಸುತ್ತದೆ. ಎತ್ತನ್ನು ನಿಧಾನವಾಗಿ ನಡೆಸಿ, ಕಣ್ಣನ್ನು ಪೈರಿನ ಮೇಲಿಟ್ಟು ಕಳೆಯನ್ನು ತೆಗೆಯಬೇಕು. ಕಳೆಯ ಮೇಲಿನ ಸಿಟ್ಟಿಗಿಂತ ಪೈರಿನ ಮೇಲಿನ ಮಮತೆ ದೊಡ್ಡದಾಗಿರಬೇಕು.

ನಮ್ಮಲ್ಲಿ ಎರಡು ದೋಷಗಳು ಸಾಮಾನ್ಯ. ಒಂದು, ನಮಗೇಕೆ ಊರ ಉಸಾಬರಿ ಎಂಬ ಮೌನ. ಇನ್ನೊಂದು, ಚಹಾದಂಗಡಿಯಲ್ಲಿಯೂ ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿಯೂ ಬೆನ್ನ ಹಿಂದೆ ಆಡಿಕೊಳ್ಳುವ ಮಾತು. ಇವೆರಡೂ ವಿರುದ್ಧವೆಂದು ತೋರಿದರೂ ಫಲ ಒಂದೇ: ಸೋದರನು ತನ್ನ ತಪ್ಪಿನೊಡನೆ ಒಂಟಿಯಾಗಿ ಉಳಿಯುತ್ತಾನೆ. ಆಡಿಕೊಳ್ಳುವವನೂ ಅವನ ಬಳಿಗೆ ಹೋಗಲಿಲ್ಲ, ಮೌನಿಯೂ ಹೋಗಲಿಲ್ಲ. ಜಗದ್ಗುರು 16ನೆಯ ಬೆನೆಡಿಕ್ಟರು 2012ರ ತಪಸ್ಸುಕಾಲದ ಸಂದೇಶದಲ್ಲಿ, ನಮ್ಮ ಕಾಲವು ಪರರ ದೇಹದ ಹಿತವನ್ನು ವಿಚಾರಿಸಿ ಅವರ ಆತ್ಮದ ಹಿತದ ವಿಷಯದಲ್ಲಿ ಮೌನ ತಾಳುತ್ತದೆಂದು ಹೇಳಿ, ಸೋದರ ಬುದ್ಧಿವಾದವನ್ನು ಮರಳಿ ರೂಢಿಸಿಕೊಳ್ಳಬೇಕೆಂದು ಕರೆಕೊಟ್ಟರು.

ಆದುದರಿಂದ ಯಾರನ್ನಾದರೂ ತಿದ್ದಬೇಕೆಂದು ತೋರಿದಾಗ ಮೊದಲು ಅವರಿಗಾಗಿ ಪ್ರಾರ್ಥಿಸೋಣ. ಬಳಿಕ ನಮ್ಮ ಕಣ್ಣಿನ ತೊಲೆಯನ್ನು ನೋಡಿಕೊಂಡು ಪಾಪನಿವೇದನೆಗೆ ಹೋಗೋಣ. ಕೇಳಿದ್ದು ನಿಜವೋ ಅಲ್ಲವೋ ಎಂದು ವಿಚಾರಿಸೋಣ. ನಿಜವಾದರೆ ಅವರ ಮನೆಗೆ ಒಬ್ಬರೇ ಹೋಗೋಣ. ಸಿಟ್ಟು ಇಳಿದ ಮೇಲೆ ಹೋಗೋಣ. ಅವರಲ್ಲಿರುವ ಒಳ್ಳೆಯದನ್ನು ಮೊದಲು ಹೇಳಿ, ತಪ್ಪನ್ನು ಸ್ಪಷ್ಟವಾಗಿ ಒಂದೇ ಸಲ ಹೇಳೋಣ. ಹೇಳಿ ಬಿಟ್ಟುಬರದೆ, ಸಂತ ಬೆನೆಡಿಕ್ಟರ ಹಿರಿಯರಂತೆ ಮತ್ತೊಂದು ದಿನ ಅವರ ಕ್ಷೇಮ ವಿಚಾರಿಸಲು ಹೋಗೋಣ. ನಮ್ಮ ಮನೆಗೆ ಯಾರಾದರೂ ಹೀಗೆ ಬಂದಾಗ ನೀನ್ಯಾರು ಕೇಳಲಿಕ್ಕೆ ಎನ್ನದೆ, ಕೂರಿಸಿ ನೀರು ಕೊಟ್ಟು ಕಿವಿಗೊಡೋಣ. ತಿದ್ದಲು ಬಂದವನು ಎಡವಟ್ಟಾಗಿ ಮಾತಾಡಬಹುದು. ಆದರೂ ಅವನು ಊರ ಮುಂದೆ ಹೋಗದೆ ನಮ್ಮ ಬಾಗಿಲಿಗೆ ಬಂದನಲ್ಲ, ಅದೇ ಅವನ ಪ್ರೀತಿಗೆ ಸಾಕ್ಷಿ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ವಿಶ್ವಾಸವನ್ನು ಪಡೆದು ನಮಗೆ ದಾಟಿಸಿದರು. ದಾಟಿಸುವ ದಾರಿಯಲ್ಲಿ ಅವರು ಒಬ್ಬರನ್ನೊಬ್ಬರು ಎಷ್ಟು ಸಲ ಕೈಹಿಡಿದು ಎತ್ತಿದರೋ, ದೇವರೇ ಬಲ್ಲರು. ಹೆಸರು ದಾಖಲಾಗದ ಆ ಎಲ್ಲ ಹಿರಿಯರಿಗೆ ಪ್ರಭು ನಿತ್ಯಶಾಂತಿಯನ್ನು ದಯಪಾಲಿಸಲಿ. ಮುಂದಿನ ನೂರು ವರ್ಷಗಳ ಹೊಸ್ತಿಲಲ್ಲಿ ನಿಂತಿರುವ ನಮಗೆ, ಸತ್ಯವನ್ನು ಹೇಳುವ ಧೈರ್ಯವನ್ನೂ, ಸತ್ಯವನ್ನು ಕೇಳುವ ವಿನಯವನ್ನೂ, ಎರಡನ್ನೂ ಬೆಸೆಯುವ ಪ್ರೀತಿಯನ್ನೂ ಪವಿತ್ರಾತ್ಮರು ಕರುಣಿಸಲಿ. ಸೋದರನನ್ನು ಗಳಿಸಿಕೊಂಡ ಧರ್ಮಕೇಂದ್ರವೇ ದೇವರಿಗೆ ಪ್ರಿಯವಾದ ದೇವಾಲಯ.